ಹಡಗಿನಲ್ಲಿ ಬ್ರೆಡ್ಡು ಮಾಡುವ ಗಂಡು

ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಬಂದಿರುವ ಹುಡುಗ ಮನೆಯಲ್ಲೇ ಬ್ರೆಡ್ಡು ಮಾಡುತ್ತಾನೆ. ನಾನು ಬೆಳಗಿನ ಕಾಫಿಗೆ ಕೂರುವ ಹೊತ್ತಿಗೆ ಸರಿಯಾಗಿ ಹುಳಿಹಿಟ್ಟು ಬೇಯುವ ವಾಸನೆ ಮೆಟ್ಟಿಲಿಳಿದು ನಮ್ಮ ನಡುಮನೆಗೆ ಬರುತ್ತದೆ. ವಾಸನೆಯ ಮೇಲೆ ನನಗೇನೂ ತಕರಾರಿಲ್ಲ. ತಕರಾರಿರುವುದು ಹುಡುಗನ ಮೇಲೆ. "ಏನಪ್ಪಾ ಉದ್ಯೋಗ?" ಅಂತ ಕೇಳಿದ್ದಕ್ಕೆ, "ಪ್ರಪಂಚ ಸುತ್ತೋದು ಅಂಕಲ್. ಸುತ್ತಾ ಸುತ್ತಾನೇ ಕೆಲಸ ಮಾಡೋದು" ಅಂದ. ಹೋದ ಚಳಿಗಾಲದಲ್ಲಿ ಯಾವುದೋ ದ್ವೀಪದಲ್ಲಿದ್ದನಂತೆ, ಈಗ ಸಂಜಯನಗರದಲ್ಲಿದ್ದಾನೆ. ದ್ವೀಪ ಬಿಟ್ಟು ಸಂಜಯನಗರಕ್ಕೆ ಯಾರಾದರೂ ಸುಮ್ಮಸುಮ್ಮನೆ ಬರುತ್ತಾರೆಯೇ, ನೀವೇ ಹೇಳಿ.

ನನ್ನನ್ನು ತಪ್ಪು ತಿಳಿಯಬೇಡಿ. ಅನುಮಾನ ನಾನು ಕಲಿತ ವಿದ್ಯೆಯಲ್ಲ, ನಮ್ಮಪ್ಪನಿಂದ ಬಂದ ಪಿತ್ರಾರ್ಜಿತ. ನಾವು ಆಗ ಯಶವಂತಪುರದ ಒಂದು ವಠಾರದಲ್ಲಿದ್ದೆವು. ಅಪ್ಪ ಹತ್ತಿರದ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯೂರಿಟಿ. ಖಾಕಿ ಪ್ಯಾಂಟು, ಖಾಕಿ ಶರ್ಟು, ಹೆಗಲ ಮೇಲೆ ಸೀಟಿಯ ದಾರ, ಜೊತೆಗೆ ದಪ್ಪ ಮೀಸೆ. ಶಿಫ್ಟು ಮುಗಿಸಿ ಹೊರಗೆ ಹೋಗುವ ಪ್ರತಿಯೊಬ್ಬನ ಊಟದ ಡಬ್ಬಿ ತೆಗೆಸಿ ನೋಡುವುದು ಅವರ ಕೆಲಸ. ಒಮ್ಮೆ ಯಾರೋ ಅರ್ಧ ತಿಂದು ಬಿಟ್ಟಿದ್ದ ರಾಗಿಮುದ್ದೆಯನ್ನು ಮುರಿದು ನೋಡಿದರೆ ಒಳಗೆ ಹಿತ್ತಾಳೆಯ ತುಂಡು ಸಿಕ್ಕಿತಂತೆ. ಅವತ್ತಿನಿಂದ ಅಪ್ಪನಿಗೆ ಮುದ್ದೆ ಬರೀ ಮುದ್ದೆಯಾಗಿ ಉಳಿಯಲಿಲ್ಲ. ಮನೆಯಲ್ಲೂ ಒಂದು ಸಲ ಬೆರಳಲ್ಲಿ ಒತ್ತಿ ನೋಡಿಯೇ ಉಣ್ಣುತ್ತಿದ್ದರು. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಈ ಕಣ್ಣಿಗೆ ಸಿಕ್ಕಿ ಒದ್ದಾಡಿದವಳು ಶಾರದಕ್ಕ. ಅಕ್ಕನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಅಪ್ಪ ಗೇಟಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿ ವಾಪಸು ಕಳಿಸಿದ್ದರು. ಒಬ್ಬ ಕೇಸರಿಬಾತು ಮುಟ್ಟಲಿಲ್ಲ, ಅವನಿಗೆ ಸಕ್ಕರೆ ಕಾಯಿಲೆ ಇರಬೇಕು. ಇನ್ನೊಬ್ಬ ಎರಡು ಸಲ ಹಾಕಿಸಿಕೊಂಡ, ಮನೆಯಲ್ಲಿ ಊಟಕ್ಕೆ ಗತಿಯಿಲ್ಲ. ಮತ್ತೊಬ್ಬ ಸರ್ಕಾರಿ ಕೆಲಸದಲ್ಲಿದ್ದೂ ವರದಕ್ಷಿಣೆ ಬೇಡ ಅಂದುಬಿಟ್ಟ. ಅವನ ಮೇಲಂತೂ ಅಪ್ಪನಿಗೆ ಬಂದ ಅನುಮಾನ ಅಷ್ಟಿಷ್ಟಲ್ಲ. ಕೊನೆಕೊನೆಗೆ ಅಮ್ಮ, "ನೀವು ಇಂಗೇ ಮಾಡ್ತಾ ಇದ್ರೆ ಮಗಳು ಮನೇಲೇ ಮುದುಕಿ ಆಗ್ತಾಳೆ" ಅಂತ ಅಳುವುದಕ್ಕೆ ಶುರುಮಾಡಿದಳು.

ಆಗ ಬಂದವನು ಶ್ರೀಕಂಠ. ಅವನ ಅಣ್ಣನದು ಆರ್.ಟಿ. ನಗರದಲ್ಲಿ ಬೇಕರಿ. ಇವನೂ ಅದೇ ಕೆಲಸ ಕಲಿತು, ಮದರಾಸಿಗೆ ಹೋಗಿ, ಅಲ್ಲಿಂದ ಯಾವುದೋ ಹಡಗು ಹತ್ತಿ, ಹಡಗಿನವರಿಗೆ ಬ್ರೆಡ್ಡು ಬನ್ನು ಮಾಡಿಕೊಡುವ ನೌಕರಿ ಹಿಡಿದಿದ್ದ. ವರ್ಷದ ಬಹುಪಾಲು ನೀರಿನ ಮೇಲೆ, ಉಳಿದ ತಿಂಗಳು ಊರಿನಲ್ಲಿ, ಅಣ್ಣನ ಬೇಕರಿಯಲ್ಲಿ. ಅಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು: "ಯಾವ್ಯಾವ ದೇಶ ನೋಡಿದೀರಿ?"

ಶ್ರೀಕಂಠ ಕುರ್ಚಿಯಲ್ಲೇ ಸ್ವಲ್ಪ ಮುದುಡಿಕೊಂಡ. "ಹೋಗಿದೀನಿ ಸಾರ್, ತುಂಬಾ ಕಡೆ ಹೋಗಿದೀನಿ. ನೋಡಿಲ್ಲ. ಬಂದರು ಬಂದಾಗೆಲ್ಲ ನಾನು ಓವನ್ ಮುಂದೆ ಇರ್ತೀನಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಅವಳು ಗಂಡಿನ ಮುಂದೆ ನಕ್ಕಿದ್ದು ಅದೇ ಮೊದಲು. ಅಮ್ಮನ ಮುಖ ಅರಳಿತು. ಅಪ್ಪನ ಮುಖ ಮಾತ್ರ ಗಂಟಾಯಿತು. ಗಂಡಿನ ಕಡೆಯವರು ಹೊರಟ ಮೇಲೆ ಅಪ್ಪನದು ಶುರುವಾಯಿತು ನೋಡಿ. "ನೋಡಿಲ್ವಂತೆ! ನೋಡ್ದೇ ಇರೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?"

ಅಪ್ಪನ ಕಷ್ಟವೂ ನನಗೆ ಅರ್ಥವಾಗುತ್ತಿತ್ತು. ಊರೂರು ತಿರುಗಿ ಹೊಟ್ಟೆ ಹೊರೆಯುವವರು ಅಂದರೆ ನಮ್ಮ ಕಣ್ಣ ಮುಂದೆ ಬರುತ್ತಿದ್ದವರು ಯಾರು? ಕೌಲೆ ಬಸವನವರು, ಪಾತ್ರೆಗೆ ಕಲಾಯಿ ಹಾಕುವವರು, ಗಿಳಿಶಾಸ್ತ್ರದವರು, ಸರ್ಕಸ್ಸಿನವರು. ಇವರೆಲ್ಲ ವಠಾರಕ್ಕೆ ಬಂದರೆ ಅಮ್ಮನೇ ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದಳು. ನಮ್ಮ ಸಾಲಿನಲ್ಲಿದ್ದ ರೈಲ್ವೆ ಗಾರ್ಡು ಕೂಡ ಎಷ್ಟು ದೂರ ಹೋದರೂ ಹಳಿಯ ಮೇಲೆಯೇ ಹೋಗಿ ಹಳಿಯ ಮೇಲೆಯೇ ವಾಪಸು ಬರುತ್ತಿದ್ದರು. ಆದರೆ ಸಮುದ್ರ? ಸಮುದ್ರಕ್ಕೆ ಗೇಟಿಲ್ಲ. ಅಪ್ಪನ ಲೆಕ್ಕದಲ್ಲಿ ಗೇಟಿಲ್ಲದ ಕಡೆ ಸಂಬಳ ಹುಟ್ಟುವುದಕ್ಕೆ ಸಾಧ್ಯವೇ ಇರಲಿಲ್ಲ. ಮೇಲಾಗಿ ಅದು ಕಳ್ಳಸಾಗಣೆಯ ಕಾಲ. ಯಾರ ಮನೆಯಲ್ಲಾದರೂ ಫಾರಿನ್ ಟೇಪ್ ರೆಕಾರ್ಡರ್ ಹಾಡಿತು ಅಂದರೆ ಬೀದಿಯೆಲ್ಲ ಗುಸುಗುಸು.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ವಿಚಾರಿಸುವುದು ಅಂತ ಒಂದು ಪದ್ಧತಿ ಇದೆಯಲ್ಲ, ಅದರ ಮುಖ್ಯ ನಿಯಮ ಏನೆಂದರೆ ಗಂಡನ್ನೊಬ್ಬನನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳಬೇಕು. ನೇರವಾಗಿ ಕೇಳಿದರೆ ಮರ್ಯಾದೆ ಹೋಗುತ್ತದೆ, ಯಾರ ಮರ್ಯಾದೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಪ್ಪ ಒಂದು ದಿನ ಡ್ಯೂಟಿ ಮುಗಿಸಿ ಸೀದಾ ಆರ್.ಟಿ. ನಗರಕ್ಕೆ ಹೋಗಿ, ಬೇಕರಿಯ ಅಕ್ಕಪಕ್ಕ ವಿಚಾರಿಸಿಕೊಂಡು ಬಂದರು. ಬಂದವರು "ನೋಡೋಣ" ಅಂದರು, ಅಷ್ಟೇ.

ಕೆಲವು ದಿನ ಬಿಟ್ಟು ನಮ್ಮ ಸೋದರಮಾವ ಸುಬ್ಬಣ್ಣ ಏದುಸಿರು ಬಿಡುತ್ತಾ ಬಂದ. "ಭಾವ, ಬೇಡ ಭಾವ ಈ ಸಂಬಂಧ! ಆ ಹುಡುಗ ಬ್ರೆಡ್ಡೊಳಗೆ ಚಿನ್ನ ಇಟ್ಕೊಂಡು ತರ್ತಾನಂತೆ!"

ಅಪ್ಪ ತೊಡೆ ತಟ್ಟಿದರು. "ನಾನು ಅಂದ್ಕೊಂಡಿದ್ದೇ ಅದು! ಮುದ್ದೆಯೊಳಗೆ ಹಿತ್ತಾಳೆ ಬರುತ್ತೆ ಅಂದ್ರೆ ಬ್ರೆಡ್ಡೊಳಗೆ ಚಿನ್ನ ಯಾಕೆ ಬರಬಾರ್ದು?"

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟಳು. ಅಕ್ಕ ಮಾತ್ರ ಅಳಲಿಲ್ಲ. "ಯಾರ್ ಹೇಳಿದ್ದು ಮಾವ ನಿಂಗೆ?" ಅಂತ ಕೇಳಿದಳು. ಬೇಕರಿ ಪಕ್ಕದ ಟೈಲರ್ ಬಶೀರ್ ಸಾಬರಂತೆ. ದಿನಾ ಪಕ್ಕದಲ್ಲೇ ಕೂರುವ ಮನುಷ್ಯ, ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಮಾರನೆಯ ದಿನ ಅಕ್ಕ ಒಂದು ರವಿಕೆ ಕಣ ಚೀಲಕ್ಕೆ ಹಾಕಿಕೊಂಡು, "ನಡಿಯೋ" ಅಂತ ನನ್ನನ್ನು ಹೊರಡಿಸಿದಳು. ನಾನಾಗ ಕಾಲೇಜಿನಲ್ಲಿದ್ದೆ, ಇಂಥದ್ದಕ್ಕೆಲ್ಲ ಬಿಡುವು ಬೇಕಾದಷ್ಟಿತ್ತು. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ಹೋದೆವು. ಬಶೀರ್ ಸಾಬರು ಕತ್ತಿನಲ್ಲಿ ಟೇಪು ಹಾಕಿಕೊಂಡು ಕೂತಿದ್ದ ಸಾಧು ಮನುಷ್ಯ. ಅಕ್ಕ ಕಣ ಕೊಟ್ಟು, ತೋಳಿನ ಉದ್ದ ಹೇಳಿ, ಹಾಗೇ ಮಾತು ತೆಗೆದಳು. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

"ನಂಗೇನ್ ಗೊತ್ತಮ್ಮಾ, ನಾನು ಬಟ್ಟೆ ಹೊಲಿಯೋನು. ಆದ್ರೆ ಮೊನ್ನೆ ಪೊಲೀಸ್ನೋರು ಬಂದಿದ್ರಲ್ಲ! ಖಾಕಿ ಡ್ರೆಸ್ಸು, ಸೀಟಿ, ಇಷ್ಟು ದಪ್ಪ ಮೀಸೆ. ಬ್ರೆಡ್ಡೊಳಗೆ ಚಿನ್ನ ತರೋಕಾಗುತ್ತಾ, ನೀವೇನಾದ್ರೂ ನೋಡಿದೀರಾ ಅಂತ ಕೇಳಿದ್ರು. ಪೊಲೀಸ್ನೋರೇ ಬಂದು ಕೇಳ್ತಾರೆ ಅಂದ್ಮೇಲೆ ಸುಮ್ನೆ ಇರುತ್ತಾ?"

ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ತಾವೇ ಹುಟ್ಟಿಸಿದ ಮಾತನ್ನು ಸುಬ್ಬಣ್ಣ ಮಾವನ ಬಾಯಿಂದ ಕೇಳಿ ತಾವೇ ತೊಡೆ ತಟ್ಟಿಕೊಂಡಿದ್ದರು! ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ನಗುತ್ತಿದ್ದೆ. ಅಕ್ಕ "ಬನ್ನು ತರ್ತೀನಿ ಇರು" ಅಂತ ಪಕ್ಕದ ಬೇಕರಿಗೆ ಹೋದಳು. ಬಹಳ ಹೊತ್ತಾದ ಮೇಲೆ ಪೇಪರಿನ ಪೊಟ್ಟಣ ಹಿಡಿದು ಬಂದಳು. "ಇಷ್ಟೊತ್ತು ಏನ್ ಮಾಡ್ತಿದ್ದೆ?" ಅಂದರೆ, "ಬಿಸಿದು ಬರ್ಲಿ ಅಂತ ಕಾಯ್ತಿದ್ದೆ" ಅಂದಳು.

ಆ ಸಂಜೆ ಅವಳು ಅಪ್ಪನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಸುಬ್ಬಣ್ಣ ಮಾವ, ಅಮ್ಮ, ನಾನು ಎಲ್ಲರೂ ಇದ್ದೆವು. "ಮಾವಂಗೆ ಹೇಳಿದ್ದು ಟೈಲರು. ಟೈಲರ್ಗೆ ಹೇಳಿದ್ದು ಪೊಲೀಸು. ಆ ಪೊಲೀಸು ಯಾರು ಅಂತ ಕೇಳ್ರಪ್ಪಾ ಎಲ್ಲಾರೂ!" ಅಂತ ಕೂಗಿದಳು. ಅಪ್ಪ ತಮ್ಮ ಖಾಕಿ ಶರ್ಟನ್ನೊಮ್ಮೆ ನೋಡಿಕೊಂಡರು. ಎದ್ದು ಹೋಗಿ ಬಚ್ಚಲಲ್ಲಿ ಬಹಳ ಹೊತ್ತು ಕಾಲು ತೊಳೆದರು. ಹೊರಗೆ ಬಂದವರು, "ಲಗ್ನಕ್ಕೆ ದಿನ ನೋಡ್ಸಿ" ಅಂದರು.

ಮದುವೆಯಾಯಿತು. ಅಪ್ಪನಿಗೆ ಮಾತ್ರ ಆ ದಿನದ ಅವಮಾನ ಮರೆಯಲಾಗಲಿಲ್ಲ. ಶ್ರೀಕಂಠ ಭಾವ ಹಡಗಿಳಿದು ಊರಿಗೆ ಬಂದರೆ ಇವರು ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದರು. ಭಾವ ಪೆಟ್ಟಿಗೆ ತೆಗೆಯುವಾಗ ಅಪ್ಪ ಬೇಕೆಂತಲೇ ವಠಾರದ ಹೊರಗೆ ಹೋಗಿ ನಿಲ್ಲುತ್ತಿದ್ದರು. ನಿರಪರಾಧಿಯ ಮೇಲೆ ಸುಳ್ಳು ಹೊರಿಸಿದೆ ಅನ್ನುವ ಸಂಕಟ ಅವರನ್ನು ಒಳಗೊಳಗೇ ತಿಂದಿತು. ಎಂಬತ್ತರ ದಶಕ ಮುಗಿಯುವ ಮುಂಚೆ ತೀರಿಕೊಂಡರು. ಅಳಿಯನಿಗೆ ಮುಖ ಕೊಟ್ಟು ಮಾತಾಡಿದ್ದನ್ನು ನಾನಂತೂ ಕಾಣೆ.

ಭಾವನೂ ಈಗಿಲ್ಲ. ಅಕ್ಕ ಅಮೃತಹಳ್ಳಿಯಲ್ಲಿದ್ದಾಳೆ. ಮೊನ್ನೆ ಮಹಡಿ ಹುಡುಗನ ವಿಷಯ ಹೇಳಿಕೊಂಡು ಹಗುರಾಗೋಣ ಅಂತ ಅವಳ ಮನೆಗೆ ಹೋಗಿದ್ದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಪುರಾಣವೆಲ್ಲ ಮುಗಿದ ಮೇಲೆ ನಾನೇ, "ಬಿಡು, ಇಲ್ಲದ್ದನ್ನ ಹುಟ್ಸೋದು ನಮ್ಮ ವಂಶದಲ್ಲೇ ಬಂದಿದೆ. ಅಪ್ಪ ಭಾವನ ಮೇಲೆ ಹುಟ್ಸಿದ್ರಲ್ಲ ಹಾಗೆ" ಅಂದೆ.

"ಇಲ್ಲದ್ದೇನಲ್ಲ" ಅಂದಳು ಅಕ್ಕ. "ಇವರು ತಂದಿದ್ರು. ಚಿನ್ನ ಅಲ್ಲ, ವಾಚು. ಬ್ರೆಡ್ಡೊಳಗೇ ಇಟ್ಟು ತಂದಿದ್ರು, ಮದುವೆಗೆ ಮುಂಚೆ."

"ನಿಂಗೆ ಯಾವಾಗ ಗೊತ್ತಾಯ್ತೇ?"

"ಅವತ್ತೇ. ನೀನು ಟೈಲರ್ ಅಂಗಡೀಲಿ ಹಲ್ಲು ಕಿರೀತಾ ಕೂತಿದ್ಯಲ್ಲ, ಆಗ. ಒಳಗೆ ಹೋಗಿ ಅವರನ್ನೇ ಕೇಳ್ದೆ. ಹೌದು ಅಂದ್ರು. ಇನ್ಮೇಲೆ ಮಾಡಲ್ಲ ಅಂದ್ರು."

"ನಂಬಿಬಿಟ್ಯಾ?"

"ಹೌದು ಅಂತ ಒಪ್ಕೊಂಡೋರ್ನ ನಂಬ್ದೆ ಇನ್ಯಾರ್ನ ನಂಬ್ಲಿ?"

ನನಗೆ ರೇಗಿಹೋಯಿತು. "ಮತ್ತೆ ಮನೆಗೆ ಬಂದು ಅಪ್ಪನ ಮೇಲೆ ಹಂಗೆ ಹಾರಾಡಿದ್ಯಲ್ಲೇ! ಆ ಮನುಷ್ಯ ಸಾಯೋ ತನಕ ಅಳಿಯನ ಮುಂದೆ ತಲೆ ಎತ್ತಲಿಲ್ಲ. ಕೊನೆಗಾಲದಲ್ಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಖುಷಿ ಪಟ್ಬಿಡ್ತಿದ್ರು ಕಣೋ" ಅಂದಳು. "ಅದಕ್ಕೇ ಹೇಳ್ಲಿಲ್ಲ."

ಬಸ್ಸಿನಲ್ಲಿ ಬರುವಾಗ ಎಲ್ಲ ತಲೆಯಲ್ಲಿ ತಿರುಗುತ್ತಿತ್ತು. ಹಾಲಿನವನ ಮೇಲೆ, ಬ್ಯಾಂಕಿನವರ ಮೇಲೆ, ಹವಾಮಾನ ವರದಿಯ ಮೇಲೆ ಕೂಡ ಅನುಮಾನಪಡುವ ನನಗೆ ಸ್ವಂತ ಅಕ್ಕನ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮನೆಗೆ ಬಂದು ನಡುಮನೆಯಲ್ಲಿರುವ ಅಪ್ಪನ ಫೋಟೋದ ಮುಂದೆ ನಿಂತೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಯಾರೂ ಇಲ್ಲವೆಂದು ಇನ್ನೊಮ್ಮೆ ಆಚೀಚೆ ನೋಡಿ, ಮೆಲ್ಲಗೆ ಹೇಳಿದೆ: "ಅಪ್ಪಾ, ವಾಚು ತಂದಿದ್ರಂತೆ."