ಹೂವೆತ್ತಿದಂಥ ಹೆರಿಗೆ

ನನ್ನ ತಂಗಿ ಮೂಗು ಹಿಡಿದರೆ ಬಾಯಿ ಬಿಡಲು ಬಾರದವಳು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಬೆಳಕು ಹರಿಯುವ ಮುಂಚೆ ಕೆಳಗಿಳಿದರೆ, ಮೇಲೆ ಬರುವಷ್ಟರಲ್ಲಿ ಬೀದಿದೀಪ ಹತ್ತಿರುತ್ತಿತ್ತು. ಹನ್ನೊಂದು ವರ್ಷ ಬರೀ ಆವಿ, ಟ್ಯೂಬ್‌ಲೈಟು. "ಬಿಸಿಲಿಗೆ ಹಾಕೋಕೆ ನಾನೇನು ಒದ್ದೆ ಬಟ್ಟೇನಾ?" ಎಂದು ನಗುತ್ತಿದ್ದಳು.

ಬಸುರಿಯಾದಾಗ ನರ್ಸು ರಕ್ತದ ರಿಪೋರ್ಟು ನೋಡಿ, "ನಿನ್ನ ಮೈಯಲ್ಲೇ ವಿಟಮಿನ್ ಡಿ ಇಲ್ಲ, ಮಗೂಗೆ ಎಲ್ಲಿಂದ ಕೊಡ್ತೀಯ?" ಎಂದು ಮಾತ್ರೆಯ ಡಬ್ಬಿ ಕೊಟ್ಟಳಂತೆ. ತಂಗಿ ಅದನ್ನು ತಂದು ನನಗೆ ತೋರಿಸಿದಳು.

ನಾನೋ ಮಹಾ ಪಂಡಿತೆ! "ನುಂಗ್ಬೇಡ ಕಣೇ. ಮಗು ದಪ್ಪ ಆಗಿ ಸಿಕ್ಕಾಕ್ಕೊಳ್ಳುತ್ತೆ. ನನ್ನ ಗತಿ ನೋಡಿದೀಯಲ್ಲ?" ಎಂದೆ. ನನ್ನ ಮಗ ಹೆರಿಗೆಯಲ್ಲಿ ಸಿಕ್ಕಿಕೊಂಡು, ಉಸಿರುಕಟ್ಟಿ ತೀರಿಹೋಗಿದ್ದ. ಮಾತ್ರೆ ನುಂಗಿದ್ದರಿಂದಲೇ ಹಾಗಾಯಿತೆಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಡಬ್ಬಿಯನ್ನು ಕೈಯಾರೆ ಕಸಕ್ಕೆ ಸುರಿದೆ.

ಹೂವೆತ್ತಿದ ಹಾಗೆ ಹೆರಿಗೆಯಾಯಿತು. ಹೆಣ್ಣುಮಗು, ಮೊಳದುದ್ದವೂ ಇರಲಿಲ್ಲ. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ?" ಎಂದು ಬೀಗಿದೆ. ತಂಗಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಮಗು ಬೆಳೆಯಲೇ ಇಲ್ಲ. ತಾಯಿಯಲ್ಲಿಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? ವರ್ಷದ ಮಗುವಿನ ಅಂಗಿ ಇವಳಿಗೆ ಎರಡು ವರ್ಷ ತುಂಬಿದರೂ ಸಡಿಲ. ಎದ್ದು ನಿಂತಾಗ ಕಾಲುಗಳು ಬಿಲ್ಲಿನಂತೆ ಬಾಗಿದವು. ಎಲ್ಲರ ಮಕ್ಕಳ ಹಾಗೆ ಇವಳು ಬೆಳೆದಾಳೇ ಎನ್ನುವುದೊಂದೇ ತಂಗಿಯ ಚಿಂತೆ. ಗೋಡೆಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕುವಳು. ತಿಂಗಳು ಕಳೆದರೂ ಗೀಟಿನ ಮೇಲೇ ಗೀಟು ಬೀಳುತ್ತಿತ್ತು.

ಮೂರು ತುಂಬಿದ ಮೇಲೆ ಮಕ್ಕಳ ಡಾಕ್ಟರಿಗೆ ತೋರಿಸಿದೆವು.

"ಮೂಳೆ ಮೆತ್ತಗಾಗಿದೆ. ಔಷಧಿ ಕೊಟ್ರೆ ಕಾಲು ಒಂದಷ್ಟು ನೆಟ್ಟಗಾಗಬಹುದು. ಆದ್ರೆ ಹೊಟ್ಟೇಲಿದ್ದಾಗಿಂದ ಕಳಕೊಂಡ ಬೆಳವಣಿಗೆ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲಾರೆ. ಬಸುರೀಲಿ ಮಾತ್ರೆ ಕೊಟ್ಟಿರ್ಲಿಲ್ವಾ?" ಎಂದರು.

ತಂಗಿ ನನ್ನತ್ತ ನೋಡಲೂ ಇಲ್ಲ.

"ಕೊಟ್ಟಿದ್ರು ಸಾರ್. ನಾನೇ ಮರೆತೆ."

"ತಾಯಿ ಆದವಳು ಮರೆಯೋ ವಿಷಯಾನೇನಮ್ಮ ಇದು?" ಅವರು ಬೈದರು, ಇವಳು ತಲೆ ತಗ್ಗಿಸಿ ಬೈಸಿಕೊಂಡಳು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಹಾಳು ಬಾಯಿಗೆ ಆಗ ಬೀಗ ಬಿದ್ದಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಹೊರಗೆ ಮೆಟ್ಟಿಲ ಮೇಲೆ ಕುಸಿದು ಅತ್ತೆ. "ಅಕ್ಕ ಬೇಡ ಅಂದ್ಲು ಅಂತ ಹೇಳಬಾರದಿತ್ತೇನೇ?"

"ಹೇಳಿದ್ರೆ ಇವಳು ಉದ್ದ ಆಗ್ತಾಳಾ ಅಕ್ಕ?" ಎಂದಳು. ಮಗುವಿನ ಅಂಗಿ ಸರಿಮಾಡುತ್ತಾ, "ನೀನು ಹೇಳ್ದೆ, ಸರಿ. ಕೇಳಿದ್ದು ನಾನಲ್ವಾ?" ಎಂದಳು.

ಮಗು ನನ್ನತ್ತ ಕೈ ಚಾಚಿತು. ಎತ್ತಿಕೊಂಡೆ. ಮೂರು ವರ್ಷದ ಮಗು, ಕೈಗೆ ಭಾರವೇ ಹತ್ತಲಿಲ್ಲ.