ಬೈಯಲು ಬಂದವಳ ಅರ್ಜಿ

ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ನನ್ನ ಕಸುಬು. ಇಪ್ಪತ್ತು ವರ್ಷದ ಮೇಲಾಯಿತು. ಖಾತೆ ಬದಲಾವಣೆ, ಪಿಂಚಣಿ, ರೇಷನ್ ಕಾರ್ಡು, ಹೊಲದ ದಾರಿ ತಕರಾರು, ಎಲ್ಲಕ್ಕೂ ನನ್ನ ತಲೆಯಲ್ಲಿ ಒಂದೊಂದು ನಮೂನೆ ಇದೆ. ಪಕ್ಕದಲ್ಲೇ ಕಂಪ್ಯೂಟರ್ ಅಂಗಡಿಗಳು ಬಂದಿವೆ, ಆದರೂ ಕೈಬರಹದ ಅರ್ಜಿಗೆ ತೂಕ ಜಾಸ್ತಿ ಎಂದು ನಂಬುವವರು ಇನ್ನೂ ಇದ್ದಾರೆ. ನನ್ನ ಅಕ್ಷರ ದುಂಡಗೆ. ತಾಲ್ಲೂಕಿನ ಯಾವ ಗುಮಾಸ್ತ ನೋಡಿದರೂ ಇದು ಯಾರ ಕೈ ಎಂದು ಹೇಳಿಬಿಡುತ್ತಾನೆ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ಈಚಿನ ಒಂದೆರಡು ವರ್ಷದಲ್ಲಿ ನನ್ನ ಮೇಜಿಗೆ ಬಂದವರೆಲ್ಲ ಬೈದುಕೊಂಡೇ ಬಂದವರು. ಹಾಲಿಗೆ ಏರಿತು, ಕರೆಂಟಿಗೆ ಏರಿತು, ಬಸ್ಸಿಗೆ ಏರಿತು, ಕೊನೆಗೆ ಬಾಂಡ್ ಪೇಪರಿಗೂ ಏರಿತು. ಕೆಲವರ ರೇಷನ್ ಕಾರ್ಡೇ ಹೋಯಿತು. ಬಂದವರು ಕೂರುವ ಮೊದಲೇ ಸರ್ಕಾರದ ವಂಶಾವಳಿ ಜಾಲಾಡುತ್ತಿದ್ದರು. ನಾನೇನು ಕಮ್ಮಿಯೇ? ಬೆಳಗ್ಗೆ ಟೀ ಅಂಗಡಿಯಲ್ಲಿ ಸರ್ಕಾರವನ್ನು ಒಂದು ಸಲ ಇಳಿಸಿಯೇ ನಾನು ಮೇಜು ಬಿಚ್ಚುತ್ತಿದ್ದದ್ದು. ಆದರೆ ಪೆನ್ನು ಹಿಡಿದ ಕೂಡಲೇ ನನ್ನ ಕೈ ಬೇರೆಯವನ ಕೈಯಾಗುತ್ತಿತ್ತು. ಜನ ಬೆಂಕಿ ಕಾರಿದರೆ ನಾನು ಕಾಗದದ ಮೇಲೆ ಬೆಣ್ಣೆ ಹಚ್ಚುತ್ತಿದ್ದೆ. "ತಾವು ದೊಡ್ಡ ಮನಸ್ಸು ಮಾಡಿ", "ತಮ್ಮಲ್ಲಿ ಸವಿನಯವಾಗಿ", "ಬಡವರಾದ ನಮ್ಮ ಮೇಲೆ ದಯೆಯಿಟ್ಟು".

ಓದಲು ಬಾರದವರು "ಒಂದ್ಸಲ ಓದಿ ಸಾ" ಎಂದರೆ ಬರೆದದ್ದನ್ನು ಓದುತ್ತಿರಲಿಲ್ಲ. ಅವರು ಹೇಳಿದ್ದನ್ನೇ ನೆನಪಿನಿಂದ ಒಪ್ಪಿಸುತ್ತಿದ್ದೆ. ನನ್ನ ಜ್ಞಾಪಕಶಕ್ತಿ ಚೆನ್ನಾಗಿದೆ. ಅವರಿಗೆ ಅವರ ಮಾತು ಸಿಕ್ಕಿತು, ಕಚೇರಿಗೆ ಕಚೇರಿಯ ಮಾತು ಸಿಕ್ಕಿತು, ಇಬ್ಬರಿಗೂ ಸಮಾಧಾನ. ಅರ್ಜಿಯನ್ನು ಯಾರಾದರೂ ಓದುತ್ತಾರೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಅದಕ್ಕೆ ಸೀಲು ಬೀಳುತ್ತದೆ, ಫೈಲಿಗೆ ಹೋಗುತ್ತದೆ, ಅಷ್ಟೇ. ಇದು ಮೋಸ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಜಾಣತನ ಅಂದುಕೊಂಡಿದ್ದೆ.

ಚೆಂಡುಹೂವಿನ ಕಾಲ. ಬೆಳಗ್ಗೆ ನಾನು ಮೇಜು ಒರೆಸುತ್ತಿರುವಾಗ ಬೇಗೂರು ಕಡೆಯಿಂದ ಒಬ್ಬ ಅವ್ವ ಬಂದಳು. ಅರವತ್ತು ದಾಟಿದ ಹೆಂಗಸು, ಹೂ ಬಿಡಿಸುವ ಕೂಲಿಯವಳು. ಬೆರಳ ಸಂದಿಯಲ್ಲಿ ಹಳದಿ ಇನ್ನೂ ಹೋಗಿರಲಿಲ್ಲ. ಅವತ್ತೇ ಚಾಮರಾಜನಗರದಲ್ಲಿ ಮಂತ್ರಿಗಳು ಜನರ ಅಹವಾಲು ಕೇಳುವ ಸಭೆ ಇತ್ತು. ಸೆರಗಿನ ಗಂಟಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದಳು. ಅವಳ ಬೀದಿಯ ಮೂವತ್ತು ಮೂವತ್ತೈದು ಹೆಂಗಸರು ಹೊಲದಲ್ಲೇ ಹೆಬ್ಬೆಟ್ಟು ಒತ್ತಿ, ಬರೆಯಲು ಬರುವವರು ಸಹಿ ಹಾಕಿ ಕೊಟ್ಟಿದ್ದರು. ಡೈರಿಯವರ ಇಂಕ್ ಪ್ಯಾಡ್ ಈಸಿಕೊಂಡು ಒತ್ತಿಸಿದ್ದಂತೆ. ಮೇಲೆ ಅಂಟಿಸುವ ಅರ್ಜಿ ಮಾತ್ರ ನಾನು ಬರೆಯಬೇಕಿತ್ತು.

"ಏನು ಕೇಳ್ಬೇಕವ್ವ?" ಎಂದೆ.

"ಏನೂ ಕೇಳಕ್ಕೆ ಬಂದಿಲ್ಲ ಕಣ್ ಮಗ. ಬೈಯಕ್ಕೆ ಬಂದಿವ್ನಿ. ನಾ ಏಳ್ದಂಗೆ ಬರಿ."

"ಬೈದ್ರೆ ಅರ್ಜಿ ಆಗಲ್ಲ ಕಣವ್ವ. ಏನಾದ್ರೂ ಕೇಳ್ಕೋಬೇಕು. ಪಿಂಚಣಿ ಕೇಳನಾ?"

"ಪಿಂಚಣಿ ಬತ್ತಾ ಅದೆ. ನಾನು ಉಟ್ಟಿದಾಗಿಂದ ಯಾರ್ ಅತ್ರಾನೂ ಕೈ ಒಡ್ಡಿಲ್ಲ. ನಮ್ ಬೀದಿಯೋರೂ ಅಷ್ಟೇಯ. ಅದುಕ್ಕೇ ನನ್ನ ಕಳ್ಸವ್ರೆ. ನೀನು ಬರಿ."

ಹೇಳಿದಳು. ಆ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಹಾಲ್ಗೆ ಏರ್ಸಿದ್ರಿ, ಬೇಳೆಗೆ ಏರಕ್ಕೆ ಬುಟ್ರಿ, ಬಸ್ಗೆ ಏರ್ಸಿದ್ರಿ. ನಮ್ ಕೂಲಿ ಮಾತ್ರ ಯಾರ್ಗೂ ಕಾಣ್ನಿಲ್ಲ. ಒಂದ್ ಕೈಲಿ ಕೊಡ್ತೀರಿ, ಎಲ್ಡ್ ಕೈಲಿ ಕಿತ್ಕತೀರಿ. ಕೊಟ್ಟಿದ್ಕೆ ದೊಡ್ಡ್ ದೊಡ್ಡ್ ಬೋರ್ಡ್ ನಿಲ್ಸಿದ್ದೀರಲ್ಲ, ಕಿತ್ಕಂಡಿದ್ಕೆ ಬೋರ್ಡ್ ಎಲ್ಲದೆ? ನಾವು ಬೇಡಕ್ಕೆ ಬಂದೋರಲ್ಲ, ಓಟ್ ಆಕ್ದೋರು. ಜವಾಬ್ ಏಳಿ."

ನಾನು ತಲೆ ಆಡಿಸುತ್ತ ಬರೆದೆ. ಬರೆದದ್ದು ಇದು: "ಬಡ ಕೂಲಿ ಹೆಣ್ಣುಮಕ್ಕಳಾದ ನಾವುಗಳು ತಮ್ಮ ಸರ್ಕಾರದ ಕೃಪೆಯಿಂದ ಜೀವನ ಸಾಗಿಸುತ್ತಿದ್ದು, ಬೆಲೆ ಏರಿಕೆಯಿಂದ ತುಸು ತೊಂದರೆಯಾಗಿರುವ ಪ್ರಯುಕ್ತ, ತಾವುಗಳು ದೊಡ್ಡ ಮನಸ್ಸು ಮಾಡಿ ನಮ್ಮ ಮೇಲೆ ದಯೆ ತೋರಬೇಕಾಗಿ ತಮ್ಮ ಪಾದಗಳಿಗೆ ಎರಗಿ ಬೇಡಿಕೊಳ್ಳುತ್ತೇವೆ."

"ಓದು" ಎಂದಳು. ಕಾಗದ ಮುಂದೆ ಹಿಡಿದುಕೊಂಡು, ಕಣ್ಣು ಸಾಲಿನ ಮೇಲೆ ಓಡಿಸುತ್ತ, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಓದಿದೆ. ಬೋರ್ಡಿನ ಮಾತು ಬಂದಾಗ ಅವಳಿಗೇ ನಗು ಬಂತು. "ಚೆಂದಾಗದೆ ಕಣ್ ಮಗ" ಎಂದು ಒಂದು ಬೊಗಸೆ ಹಸಿ ಕಡಲೆಕಾಯಿ ಮೇಜಿನ ಮೇಲೆ ಸುರಿದಳು. ದುಡ್ಡು ಬೇಡ ಎಂದೆ. ದೊಡ್ಡ ದಾನಶೂರ!

ಯಾಕೆ ಹೀಗೆ ಮಾಡಿದೆ ಎಂದು ಕೇಳಿಕೊಂಡಾಗಲೆಲ್ಲ ಅಭ್ಯಾಸಬಲ ಎಂದು ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಅದಕ್ಕೆ ಎರಡು ತಿಂಗಳ ಹಿಂದೆ ಕಚೇರಿ ಎದುರಿನ ಮೇಜುಗಳನ್ನೆಲ್ಲ ಎತ್ತಿಸಿಬಿಡಬೇಕು ಎಂಬ ಮಾತು ಬಂದಿತ್ತು. ನಾನು ಒಬ್ಬೊಬ್ಬರ ಕೈಕಾಲು ಹಿಡಿದು ಮರದ ಕೆಳಗಿನ ಜಾಗ ಉಳಿಸಿಕೊಂಡಿದ್ದೆ. ನನ್ನ ದುಂಡಕ್ಷರದಲ್ಲಿ "ಜವಾಬ್ ಹೇಳಿ" ಎಂಬ ಕಾಗದ ಮಂತ್ರಿಗಳ ಕೈಗೆ ಹೋದರೆ ನನ್ನ ಗತಿ ಏನು? ಹೆದರಿದೆ. ಅಷ್ಟೇ ಸತ್ಯ.

ಸಭೆ ಎಲ್ಲಿ ಎಂದು ಗೊತ್ತಿಲ್ಲ, ನೀನೂ ಬಾ ಎಂದಳು. ಅಂಥ ಕಡೆ ನನಗೂ ನಾಲ್ಕು ಅರ್ಜಿ ಸಿಗುತ್ತವೆ. ಹೊರಟೆ. ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೇಟು ತೆಗೆದುಕೊಂಡಳು, ನಾನು ದುಡ್ಡು ಕೊಟ್ಟು ತೆಗೆದುಕೊಂಡೆ. "ನಂಗೆ ಬಿಟ್ಟಿ, ನಿಂಗೆ ಜಾಸ್ತಿ. ಒಟ್ನಲ್ಲಿ ನಮ್ಮಿಬ್ರತ್ರಾನೂ ಸರ್ಯಾಗೇ ತಗಂಡ್ರು ಕಣ್ಲಾ" ಎಂದಾಗ ಹಿಂದಿನ ಸೀಟಿನವರೂ ನಕ್ಕರು. ತೆರಕಣಾಂಬಿ ದಾಟುವಷ್ಟರಲ್ಲಿ ಇಡೀ ಬಸ್ಸು ಅವಳ ಕಡೆಗಾಗಿತ್ತು. ಯಾರೋ ಒಬ್ಬರು, "ಚಾಮರಾಜನಗರಕ್ಕೆ ಬಂದೋರ ಕುರ್ಚಿ ಓಯ್ತದೆ ಅಂತಾರಲ್ಲವ್ವ" ಎಂದರು. "ಅದು ಮುಖ್ಯಮಂತ್ರಿಗೆ ಕಣಪ್ಪ. ಬರೀ ಮಂತ್ರಿ ಬಂದ್ರೆ ಕುರ್ಚಿ ಕಾಲು ಒಂದಾದ್ರೂ ಮುರೀಬೋದು" ಎಂದಳು. ನಾನೂ ಜೋರಾಗಿ ನಕ್ಕೆ. ಆ ಕಾಗದ ನನ್ನ ಜೇಬಿನಲ್ಲೇ ಇತ್ತು.

ಸಭಾಂಗಣದ ಬಾಗಿಲಲ್ಲಿ ಅರ್ಜಿ ಕೊಟ್ಟು ನಂಬರು ಚೀಟಿ ಪಡೆದೆವು. ಅವಳು ಮುಂದೆ ಹೋಗಿ ಕೂತಳು, ನಾನು ಹಿಂದೆ ಕಂಬದ ಹತ್ತಿರ ನಿಂತೆ. ಅವತ್ತು ನನ್ನ ಗ್ರಹಚಾರವೋ ಏನೋ, ಎಲ್ಲರ ಎದುರಿಗೇ ಪಾರದರ್ಶಕವಾಗಿ ನಡೆಯಲಿ ಎಂದು ಅರ್ಜಿಗಳನ್ನು ಮೈಕಿನಲ್ಲಿ ಓದಿಸತೊಡಗಿದರು. ಇಷ್ಟು ವರ್ಷದಲ್ಲಿ ನನ್ನ ಅರ್ಜಿಯನ್ನು ಯಾರಾದರೂ ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಹೊರಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

ಅವಳ ಹೆಸರು, ಊರು ಕರೆದರು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಆ ನಿಲುವು ಈಗಲೂ ಕಣ್ಣ ಮುಂದಿದೆ. ಮೂವತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳಲ್ಲವೇ. ಅಧಿಕಾರಿಯೊಬ್ಬರು ಓದಿದರು. "ತಮ್ಮ ಸರ್ಕಾರದ ಕೃಪೆಯಿಂದ" ಎನ್ನುವಾಗ ಅವಳು ಅಕ್ಕಪಕ್ಕ ನೋಡಿದಳು, ಇನ್ಯಾರದೋ ಕಾಗದ ಇರಬೇಕು ಎಂದು. "ಪಾದಗಳಿಗೆ ಎರಗಿ" ಎನ್ನುವಾಗ ತಡೆದುಕೊಳ್ಳಲಾಗಲಿಲ್ಲ.

"ಅದು ನಮ್ದಲ್ಲ ಬುದ್ಧಿ. ಯಾರೋ ಬೇಡೋರ ಕಾಗ್ದ ಅದು."

ಅಧಿಕಾರಿ ಹಾಳೆ ತಿರುಗಿಸಿ ತೋರಿಸಿದರು. "ನಿಮ್ಮೂರಿನದೇ ಅಲ್ವೇನಮ್ಮಾ? ಹೆಬ್ಬೆಟ್ಟೆಲ್ಲ ನಿಮ್ಮವರದೇ ತಾನೆ? ಯಾರು ಬರೆದುಕೊಟ್ಟಿದ್ದು ಇದನ್ನ?"

ಅವಳು ನಿಧಾನಕ್ಕೆ ತಿರುಗಿ ಸಭೆಯಲ್ಲೆಲ್ಲ ನನ್ನನ್ನು ಹುಡುಕಿದಳು. ಕಣ್ಣು ಸಿಕ್ಕಿತು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದೆ. ಅದಕ್ಕೇನೂ ಆಗಿರಲಿಲ್ಲ. ಬಗ್ಗಿಕೊಂಡೇ ಅವಳ ದನಿ ಕೇಳಿದೆ: "ನಾವೇ ಬರೆಸಿದ್ದು ಬುದ್ಧಿ."

ಮಂತ್ರಿಗಳು ವೇದಿಕೆಯಿಂದ ಇಳಿದು ಬಂದು, "ನಿಮ್ಮಂಥ ತಾಯಂದಿರ ಆಶೀರ್ವಾದ ಇದ್ದರೆ ಸಾಕು" ಎಂದು ಅವಳ ಪಕ್ಕ ಕೈಮುಗಿದು ನಿಂತರು. ಫೋಟೋ ತೆಗೆದರು, ಚಪ್ಪಾಳೆ ಬಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಾಗ ಮುಂದಿನ ನಂಬರು ಕರೆದಾಗಿತ್ತು.

ಬರುವಾಗ ಬಸ್ಸಿನಲ್ಲಿ ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ತೆರಕಣಾಂಬಿ ಬಂದಾಗ, "ಬೆಳಗ್ಗೆ ಅಷ್ಟ್ ಚೆಂದಾಗ್ ಓದ್ದಲ್ಲ ಮಗ. ಅಷ್ಟೂ ನಿನ್ ತಲೇಲಿ ಇತ್ತು. ಕಾಗ್ದಕ್ಕೆ ಇಳಿಸ್ನಿಲ್ವಲ್ಲ, ಯಾಕೆ?" ಎಂದಳು.

ತಪ್ಪಾಯ್ತು ಅವ್ವ ಎಂದೆ.

"ನಂಗ್ ಏಳ್ಬೇಡ. ಅವ್ರೆಲ್ಲ ನನ್ ಮಾತ್ ನಂಬಿ ಒತ್ತವ್ರೆ. ನೀನೇ ಬಂದು ಒಂದ್ ಮಾತು ಏಳ್ಬುಟ್ ಓಗು. ಬತ್ತಿಯಾ?"

"ಭಾನುವಾರ ಬತ್ತಿನಿ ಕಣವ್ವ. ಖಂಡಿತ."

ಮಾರನೆಯ ದಿನ ಆ ಫೋಟೋ ಪತ್ರಿಕೆಯ ಒಳಪುಟದಲ್ಲಿ ಬಂತು. ಸರ್ಕಾರದ ಕೃಪೆ ನೆನೆದ ಕೂಲಿ ಮಹಿಳೆಯರು ಎಂದು ಕೆಳಗೆ ಬರೆದಿದ್ದರು. ಅವಳ ಮುಖದಲ್ಲಿದ್ದ ಗಾಬರಿಯನ್ನು ಭಕ್ತಿ ಎಂದುಕೊಳ್ಳಬಹುದಿತ್ತು. ಟೀ ಅಂಗಡಿಯಲ್ಲಿ ನಮ್ಮ ಮಾಮೂಲಿ ಗುಂಪಿನವನೊಬ್ಬ ಪೇಪರು ಮಡಿಚಿ ಬಿಸಾಕಿ, "ನೋಡ್ರಲಾ, ಇಂಥೋರು ಇರಾಗಂಟ ಸರ್ಕಾರಕ್ಕೆ ಬುದ್ಧಿ ಬರಕಿಲ್ಲ" ಎಂದ. ಎಲ್ಲರೂ ಹೌದು ಹೌದು ಎಂದರು. ನಾನೂ ತಲೆ ಆಡಿಸಿದೆ. ಈ ಬರಹದಲ್ಲಿ ನನಗೆ ಹೇಳಲು ಅತ್ಯಂತ ಕಷ್ಟವಾದ ವಾಕ್ಯ ಅದು. ಚಪ್ಪಲಿಗೆ ಬಗ್ಗಿದ್ದಕ್ಕಾದರೂ ಹೆದರಿಕೆಯ ನೆಪವಿದೆ. ಟೀ ಅಂಗಡಿಯಲ್ಲಿ ನನ್ನನ್ನು ಯಾರೂ ಹೆದರಿಸುತ್ತಿರಲಿಲ್ಲ.

ಭಾನುವಾರ ಹೋಗಲಿಲ್ಲ. ತಲೆನೋವು ಎಂದು ಹೆಂಡತಿಗೆ ಹೇಳಿ ಮಲಗಿದೆ. ಮುಂದಿನ ಭಾನುವಾರ ನೆಂಟರ ಮನೆ ಗೃಹಪ್ರವೇಶವಿತ್ತು, ಅದರ ಮುಂದಿನದಕ್ಕೆ ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ಬೇಗೂರು ಕಡೆಯ ಬಸ್ಸು ಬಂದು ನಿಂತಾಗ ಮಾತ್ರ ಮೇಜಿನ ಮೇಲೆ ಬಗ್ಗಿಕೊಂಡು ಏನಾದರೂ ಬರೆಯುತ್ತಿದ್ದೆ. ಅವಳು ಬರಲೇ ಇಲ್ಲ.

ಹೂವಿನ ಕಾಲ ಮುಗಿದು ಎಷ್ಟೋ ದಿನದ ಮೇಲೆ ಬೇರೊಬ್ಬ ಹೆಂಗಸು ರೇಷನ್ ಕಾರ್ಡು ರದ್ದಾಗಿದೆ ಎಂದು ಬಂದಳು. ಊರು ಹೇಳಿದಳು. ಅದೇ ಊರು, ಅದೇ ಬೀದಿ. ಅವ್ವನ ಅರ್ಜಿ ಬರೆದವನು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತ, ಆವತ್ತು ಪೇಪರಿನಲ್ಲಿ ನಿಮ್ಮೂರ ಅವ್ವ ಒಬ್ಬಳು ಬಂದಿದ್ದಳಲ್ಲ ಎಂದು ಸಹಜವಾಗಿ ಕೇಳುವವನಂತೆ ಕೇಳಿದೆ.

"ಅಯ್ಯೋ ಅದ್ಯಾಕ್ ಕೇಳೀರಿ ಸಾ. ನಂದೂ ಎಬ್ಬೆಟ್ಟಿತ್ತು ಅದ್ರಲ್ಲಿ. ಎಲ್ರೂ ಓಗಿ ಜಗಳ ಆಡ್ಬುಟ್ವು. 'ಬರೆಸೋವಾಗ ನಂಗೇ ಎದ್ರಿಕೆ ಆಗೋಯ್ತು ಕಣ್ರವ್ವ, ನಾನೇ ಅಂಗೆ ಬರೆಸ್ಬುಟ್ಟೆ, ತಪ್ಪು ನಂದೇಯ' ಅಂದ್ಬುಟ್ಳು. ಈಗ ಯಾರ್ ಜೊತೇಲೂ ಜಾಸ್ತಿ ಮಾತಿಲ್ಲ."

ತಪ್ಪು ನನ್ನದು ಎಂದು ಹೇಳಿಬಿಡಲು ಅದೇ ಸಮಯವಾಗಿತ್ತು. ಆ ಹೆಂಗಸು ಮುಂದುವರಿಸಿದಳು.

"ಎಂಥಾ ಬಾಯಿ ಗೊತ್ತಾ ಸಾ ಅವ್ಳದು? ಕೂಲಿ ಮೇಸ್ತ್ರಿಗಳೇ ನಡುಗೋರು. ಅವ್ಳೇ ಬಗ್ಗೋದ್ ಮ್ಯಾಲೆ ನಮ್ದೆಲ್ಲ ಏನು? ನೀವು ಮೆತ್ತಗೇ ಬರೀರಿ. ಕಾಲ್ಗೆ ಬಿದ್ದಂಗೇ ಬರೀರಿ."

ನಾನು ಹೇಳಲಿಲ್ಲ. ಎಂದಿನಂತೆ ದುಂಡಗೆ ಬರೆದೆ. ತಾವು ದೊಡ್ಡ ಮನಸ್ಸು ಮಾಡಿ, ಬಡವಳಾದ ನನ್ನ ಮೇಲೆ ದಯೆಯಿಟ್ಟು. ಒಂದ್ಸಲ ಓದಿ ಎಂದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಬರೆದಿದ್ದನ್ನು ಬರೆದ ಹಾಗೇ ಓದಿದೆ.

"ಸರ್ಯಾಗದೆ ಸಾ" ಎಂದು ಹೆಬ್ಬೆಟ್ಟು ಮುಂದೆ ಚಾಚಿದಳು.