ಹಳದಿ ಭರಣಿಯ ಮಿಡಿ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿ ಬಿಚ್ಚುವ ಹಕ್ಕು ಅಮ್ಮನೊಬ್ಬಳದು. ಸ್ನಾನ ಮಾಡಿ, ಕೈ ಚೆನ್ನಾಗಿ ಒರೆಸಿಕೊಂಡು, ಒಣಗಿದ ಮರದ ಸೌಟಿನಿಂದ ವಾರಕ್ಕಾಗುವಷ್ಟು ಮಾವಿನ ಮಿಡಿಯನ್ನು ಸಣ್ಣ ಬಾಟ್ಲಿಗೆ ತೆಗೆದಿಟ್ಟು, ಭರಣಿಯ ಬಾಯಿಗೆ ಮತ್ತೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಬೇರೆಯವರು ಮುಟ್ಟಿದರೆ ಬೂಸಲು ಬರುತ್ತದೆಂದು ಅವಳ ನಂಬಿಕೆ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ನನ್ನ ಕೈಗೂ ರಿಯಾಯಿತಿ ಇರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ನಾನು ಕುಂದಾಪುರದ ಕಾಲೇಜೊಂದಕ್ಕೆ ಪಾಠ ಮಾಡಲು ಸೇರಿದ್ದೆ. ಆ ಬೇಸಿಗೆಯ ಕೊನೆಯಲ್ಲಿ, ಮಿಡಿಗೆ ಖಾರ ಅರೆದು ಬೆರೆಸಿ ವಾರವಾಗಿತ್ತಷ್ಟೆ, ಅಜ್ಜಿಯ ಕಾಲದ ದೊಡ್ಡ ಭರಣಿಯ ತಳ ಸೀಳಿ ಉಪ್ಪುನೀರು ನೆಲಕ್ಕಿಳಿಯತೊಡಗಿತು. ಅಮ್ಮ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ, ಯಾವ ಸಾಮಾನು ತೆಗೆದುಕೊಂಡರೂ ಒಂದೇ ದರ ಎನ್ನುವ ಅಂಗಡಿಗೆ ಹೋಗಿ ನಾಲ್ಕು ಚಿಕ್ಕ ಭರಣಿ ತಂದಳು. ಹೊಳೆಯುವ ಹಳದಿ ಬಣ್ಣ, ಮೈತುಂಬ ಕೆಂಪು ಹೂಗಳು. ತಳದಲ್ಲಿ ನಮ್ಮಲ್ಲಿ ಯಾರಿಗೂ ಓದಲು ಬಾರದ ಪರದೇಶದ ಅಕ್ಷರಗಳ ಚೀಟಿ.

“ಕಾಣ್, ಒಳ್ಗೂ ಹೂ ಬರ್ದಿದ್ರ್,” ಎಂದು ಅಮ್ಮ ಒಂದನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ನಾನು ಚಂದ ಇದೆ ಎಂದೆ. ನಿಜವಾಗಿಯೂ ಚಂದವಿತ್ತು.

ಮಿಡಿ ನಾಲ್ಕು ಭರಣಿಗಳಿಗೆ ಹಂಚಿಹೋಯಿತು. ಎರಡು ನಮಗೆ, ಒಂದು ಖಾರ ಅರೆಯಲು ಕೈಜೋಡಿಸಿದ್ದ ಪಕ್ಕದ ಮನೆಯವರಿಗೆ. ಇನ್ನೊಂದನ್ನು ಉಪ್ಪುಂದದ ದೊಡ್ಡಮ್ಮನಿಗೆ ಕೊಡಲು ಅಮ್ಮ ಅದೇ ಮಧ್ಯಾಹ್ನ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಮಳೆ ಹಿಡಿಯುವ ಹೊತ್ತಿಗೆ ಅಕ್ಕ ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳ ಬಯಕೆ ಒಂದೇ: ಬಿಸಿ ಗಂಜಿ ಮತ್ತು ಅಮ್ಮನ ಮಿಡಿ. ಬೆಳಿಗ್ಗೆ ಎರಡು, ರಾತ್ರಿ ಎರಡು. ಸಿಹಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಹನ್ನೆರಡನೆಯ ದಿನ ಅಮ್ಮ ಬ್ರಹ್ಮಾವರದಲ್ಲೊಂದು ನಾಮಕರಣಕ್ಕೆ ಹೋಗಿದ್ದಾಗ ಬಾಟ್ಲಿ ಖಾಲಿಯಾಯಿತು.

“ಹ್ವಾಯ್, ಭರಣಿಯಿಂದ ನಾಲ್ಕ್ ಮಿಡಿ ತಂದ್ಕೊಡ್,” ಎಂದಳು ಅಕ್ಕ.

“ಅಮ್ಮ ಬರ್ಲಿ.”

“ಅಮ್ಮ ಬಪ್ಪತಿಗೆ ಗಂಜಿ ತಣ್ದ್ ಗಟ್ಟಿ ಆತ್ತ್. ಹೊಟ್ಟೆಯಂಗ್ ಇಪ್ಪುದ್ ನಿನ್ನ್ ಮೇಲೆ ಸಿಟ್ಟ್ ಮಾಡ್ಕಂತ್ತ್, ಕಾಣ್.”

ಇನ್ನೂ ಹುಟ್ಟದವರ ಸಿಟ್ಟನ್ನು ಕಟ್ಟಿಕೊಳ್ಳಲು ನನಗೂ ಮನಸ್ಸಿರಲಿಲ್ಲ. ಕೈ ಒರೆಸಿಕೊಂಡು, ಬಟ್ಟೆ ಬಿಚ್ಚಿ, ಇಣುಕಿದೆ. ಭರಣಿ ಅರ್ಧ ಇಳಿದಿತ್ತು. ಕತ್ತಿನ ಹತ್ತಿರದ ಹೂಗಳು ಕೊಂಡ ದಿನದಂತೆಯೇ ಕೆಂಪಗಿದ್ದವು. ಅದರ ಕೆಳಗೆ, ಮೊದಲು ರಸ ನಿಂತಿದ್ದಲ್ಲಿ, ಹೂಗಳೇ ಇರಲಿಲ್ಲ. ಹಳದಿಯ ಹೊಳಪು ಹೋಗಿ ಒಳಗೋಡೆ ಸ್ಲೇಟಿನಂತೆ ಮಂಕಾಗಿತ್ತು. ಒಣ ಬಟ್ಟೆಯಿಂದ ಉಜ್ಜಿದರೆ ನುಣ್ಣನೆಯ ಹಳದಿ ಪುಡಿ ಹತ್ತಿತು. ಹೂಗಳು ಎಲ್ಲಿಗೆ ಹೋದವೆಂದು ಯೋಚಿಸಬೇಕಾಗಿರಲಿಲ್ಲ. ಮಿಡಿಯೊಳಗೆ ಹೋಗಿದ್ದವು. ಮಿಡಿ ಎಲ್ಲಿಗೆ ಹೋಯಿತೆಂಬುದೂ ಗೊತ್ತಿತ್ತು.

ಹೊರದೇಶದ ಆಟಿಕೆಗಳ ಬಣ್ಣದಲ್ಲಿ ಸೀಸವಿದೆ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಅಗ್ಗದ ಪಿಂಗಾಣಿಯ ಹೊಳಪಿಗೂ ಸೀಸ ಬಳಸುತ್ತಾರೆ, ಹುಳಿ ಅದನ್ನು ಕರಗಿಸುತ್ತದೆ, ಅದು ಮಗುವಿನ ಮಿದುಳಿಗೆ ಕೆಟ್ಟದ್ದು ಎಂದು ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ನಮ್ಮದೇ ಅಡುಗೆಮನೆ ಮಾತ್ರ ನೆನಪಿಗೆ ಬಂದಿರಲಿಲ್ಲ.

ಅಕ್ಕನಿಗೆ ಮಿಡಿ ಕೊಡಲಿಲ್ಲ. ಬೂಸಲು ಬಂದಿದೆ ಎಂದು ಸುಳ್ಳು ಹೇಳಿದೆ. ಖಚಿತವಾಗದೆ ಹೆದರಿಸುವುದು ಬೇಡವೆನ್ನಿಸಿತ್ತು. ಮಿಡಿಯನ್ನು ಗಾಜಿನ ಬಾಟ್ಲಿಗಳಿಗೆ ಸುರಿದು, ಭರಣಿ ತೊಳೆದು, ವಿನೆಗರ್ ತುಂಬಿ ನನ್ನ ಮೇಜಿನ ಕೆಳಗಿಟ್ಟೆ.

ಸಂಜೆ ಅಮ್ಮ ಬಂದವಳು ಸೀರೆ ಬದಲಿಸುವ ಮೊದಲೇ ಕಂಡುಹಿಡಿದಳು.

“ನನ್ನ್ ಭರಣಿ ಯಾರ್ ಮುಟ್ಟಿದ್?”

“ನಾನು. ಅಮ್ಮ, ಅದ್ರ ಬಣ್ಣದಂಗೆ ವಿಷ ಇಪ್ಪುಕೂ ಸಾಕ್.”

“ವಿಷವಾ? ನಾನ್ ಉಪ್ಪಂಗ್ ಹಾಕಿ, ಅರ್ದ್, ಬೆರ್ಸಿ ಮಾಡಿದ್ ಮಿಡಿ ವಿಷವಾ?”

“ಮಿಡಿ ಅಲ್ಲ, ಭರಣಿ.”

“ಕಾಲೇಜಂಗೆ ಮಕ್ಳಿಗೆ ಇದನ್ನೇ ಕಲ್ಸುದಾ ನೀನ್? ಮನೆಯವ್ರ ಹೊಟ್ಟೆಗ್ ಮಣ್ಣ್ ಹಾಕುದ್?”

ಒಳಗಿನಿಂದ ಅಕ್ಕನ ದನಿ ಬಂತು. “ಬೂಸ್ಲ್ ಅಂದಿದ್ಯಲೇ ಮಾರಾಯ್ತಿ?”

ಆ ರಾತ್ರಿ ಮಿಡಿ ಊಟಕ್ಕೆ ಬಾರದಿರಲೆಂದು ಬಾಟ್ಲಿಗಳನ್ನೂ ನಮ್ಮ ಇನ್ನೊಂದು ಭರಣಿಯನ್ನೂ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡೆ. ನನ್ನ ಬಟ್ಟೆಗಳೆಲ್ಲ ಒಂದು ವಾರ ಇಂಗು, ಸಾಸಿವೆಯ ವಾಸನೆ ಸೂಸಿದವು.

ಮರುದಿನ ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲಿ ಭರಣಿಯ ವಿನೆಗರನ್ನು ಕುದಿಸಿ ಕುದಿಸಿ ಎರಡು ಚಮಚಕ್ಕೆ ಇಳಿಸಿದೆ. ಹೊಸ ಬಾಟ್ಲಿಯ ವಿನೆಗರನ್ನೂ ಅಷ್ಟೇ ಇಳಿಸಿದೆ. ಅವನ್ನು ತುಂಬಿದ ಎರಡು ಗಾಜಿನ ಪ್ರನಾಳಗಳನ್ನೂ, ಸೀಸವಿದ್ದರೆ ಹಳದಿ ತೋರಿಸುವ ಪೊಟ್ಯಾಸಿಯಂ ಅಯೊಡೈಡಿನ ಸಣ್ಣ ಬಾಟ್ಲಿಯನ್ನೂ ಟಿಫಿನ್ ಚೀಲದಲ್ಲಿಟ್ಟು ಮನೆಗೆ ತಂದೆ. ಅಲ್ಲೇ ನೋಡಿ ಮುಗಿಸಬಹುದಿತ್ತು. ಆದರೆ ನಾನೊಬ್ಬಳು ನೋಡಿದರೆ ಸಾಲದು ಎಂದು ನನಗೆ ಗೊತ್ತಿತ್ತು.

ಅಡುಗೆಮನೆಯ ಕಟ್ಟೆಯ ಮೇಲೆ ಎರಡನ್ನೂ ನಿಲ್ಲಿಸಿ, ಎರಡಕ್ಕೂ ಒಂದೇ ಬಾಟ್ಲಿಯಿಂದ ಹನಿ ಹಾಕಿದೆ. ಹೊಸ ವಿನೆಗರ್ ಇದ್ದಂತೆಯೇ ಇತ್ತು. ಭರಣಿಯದ್ದರಲ್ಲಿ ಹನಿ ಬಿದ್ದಲ್ಲೆಲ್ಲ ಹಳದಿ ಮೋಡವೆದ್ದು, ನಿಧಾನವಾಗಿ ತಳಕ್ಕಿಳಿಯಿತು.

“ಅರಸಿನ ಹಾಕ್ದ್ಯಾ?” ಎಂದಳು ಅಮ್ಮ.

“ಎರಡ್ಕೂ ಒಂದೇ ಹಾಕಿದ್ದಲ್ದಾ? ನೀನೇ ಕಂಡ್ಯಲೆ.”

ಅಮ್ಮ ಪ್ರನಾಳವನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಕನ ಹತ್ತಿರ ಹೋಗಿ ಕೂತು, ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. “ಹನ್ನೆರ್ಡ್ ದಿನ ತಿಂದಿತ್ತಲೇ ಈ ಹೆಣ್ಣ್,” ಎಂದಳು. ಆ ದನಿಯಲ್ಲಿ ಜಗಳ ಇರಲಿಲ್ಲ.

ಮರುದಿನ ಅಕ್ಕನನ್ನು ಅವಳ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ನಗಲಿಲ್ಲ, ಹೆದರಿಸಲೂ ಇಲ್ಲ. ಉಪ್ಪಿನಕಾಯಿ ನಿಲ್ಲಿಸಿ, ಹಾಲು, ಸೊಪ್ಪು ಹೆಚ್ಚಿಸಲು ಹೇಳಿ, ರಕ್ತವನ್ನು ಪರೀಕ್ಷೆಗೆ ಮಣಿಪಾಲಕ್ಕೆ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ ಕಾಯಬೇಕಿತ್ತು.

ಕೈ ಕಟ್ಟಿ ಕೂರುವುದು ಅಮ್ಮನಿಗೆ ಆಗದ ಕೆಲಸ. ಕೊಟ್ಟ ಭರಣಿಗಳನ್ನು ವಾಪಸು ತರಲು ನನ್ನನ್ನು ಓಡಿಸಿದಳು. ಮಿಡಿ ಮಾತ್ರ ಎಸೆಯಲು ಅವಳಿಗೆ ಮನಸ್ಸಿಲ್ಲ. “ತೊಳ್ದ್ ಮತ್ತೆ ಉಪ್ಪ್ ಹಾಕ್ರೆ?” ಎಂದಳು. ಬೇಡವೆಂದೆ. “ತೆಂಗಿನ್ ಬುಡಕ್ಕಾರೂ ಹಾಕ್ವ, ಉಪ್ಪ್ ಒಳ್ಳೇದ್.” ಅದೂ ಬೇಡವೆಂದೆ. ಕೊನೆಗೆ ಮಿಡಿ ತುಂಬಿದ ಭರಣಿ, ಬಾಟ್ಲಿಗಳನ್ನು ಕಾಲೇಜಿಗೆ ಒಯ್ದು, ಪ್ರಯೋಗಾಲಯದ ವಿಷದ್ರವ್ಯಗಳ ಕಪಾಟಿನಲ್ಲಿ ಚೀಟಿ ಅಂಟಿಸಿ ಇಟ್ಟೆ. ಅಟೆಂಡರು ಮೂಗರಳಿಸಿ, “ಮೇಡಂ, ನಾಳೆಯಿಂದ ಗಂಜಿ ನಾನ್ ತರ್ಕಾ?” ಎಂದು ಕೇಳಿದರು.

ಪಕ್ಕದ ಮನೆಯವರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, ಉಳಿದಿದ್ದ ಮಿಡಿಯನ್ನು ಒಂದು ಪ್ಲಾಸ್ಟಿಕ್ ತೊಟ್ಟೆಗೆ ಸುರಿದು ಕೊಟ್ಟು, ಭರಣಿ ತೊಳೆಯಲು ಒಳಗೆ ಹೋದರು. ಹೊರಗೆ ಬಂದಾಗ ಭರಣಿಯ ತುಂಬ ಹುಣಸೆಹುಳಿ.

“ಅಯ್ಯೋ, ಇದ್ರಂಗೆ ಹುಳಿ ಹಾಕುಕಾಗ ಅಂತಲೇ ನಾನ್ ಬಂದದ್!”

“ಅದ್ ಸಮ, ಮಗಾ. ಆರೆ ಕೊಟ್ಟ್ ಪಾತ್ರೆ ಖಾಲಿ ಹ್ಯಾಂಗ್ ಕಳ್ಸುದ್?”

ನಮ್ಮ ಕಡೆ ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಬೀಳಬೇಕು. ಅದು ಸೀಸಕ್ಕಿಂತ ಗಟ್ಟಿಯಾದ ನಿಯಮವೆಂದು ಆ ದಿನ ತಿಳಿಯಿತು. ಹುಳಿ ಹಾಕಬೇಡಿ ಎನ್ನಲು ಹೋದವಳು ಹುಳಿ ತುಂಬಿದ ಭರಣಿಯನ್ನು ಅಪ್ಪಿಕೊಂಡು ಮನೆಗೆ ಬಂದೆ.

ಭಾನುವಾರ ಉಪ್ಪುಂದಕ್ಕೆ ಹೋದೆ. ದೊಡ್ಡಮ್ಮ ನನ್ನ ಮಾತು ಪೂರ್ತಿ ಕೇಳಲಿಲ್ಲ. ದೇವರ ಕೋಣೆಯಿಂದ ಹಳದಿ ಭರಣಿಯನ್ನು ತಂದು ಎದುರಿಗಿಟ್ಟರು. ಅದರ ತುಂಬ ಹತ್ತಿಯ ಹೂಬತ್ತಿ! ಒಳಗಿನ ಹೂಗಳು ಒಂದೂ ಮಾಸಿರಲಿಲ್ಲ.

“ಉಪ್ಪಿನ್‌ಕಾಯಿ ಎಲ್ಲಿ, ದೊಡ್ಡಮ್ಮ?”

“ನಿನ್ನ್ ಅಮ್ಮ ಅಂಗಡಿಯಿಂದ ಭರಣಿ ತಪ್ಪತಿಗೆ ಅದ್ರ ಬಾಯಿ ಕಂಡಿದ್ಲಾ? ನನ್ನ್ ಕೈ ಕಾಣ್, ಬಳೆ ಕಾಣ್. ಒಳ್ಗ್ ಹೋತಿಲ್ಲೆ! ಅವ್ಳ್ ಕಾಪಿ ಕುಡ್ದ್ ಬಸ್ಸಿಗ್ ಹೋದ್ ಕೂಡ್ಲೇ ನನ್ನ್ ಹಳೇ ಭರಣಿಗ್ ಸುರ್ದೆ.”

ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ ಖಾಲಿಯಾಗಿತ್ತು. ಮೂಲೆಯಲ್ಲಿ ಕಂದು ಕತ್ತಿನ, ಬಿಳಿ ಹೊಟ್ಟೆಯ ಹಳೆಯ ಭರಣಿ ಕೂತಿತ್ತು. ಅದರೊಳಗೆ ಅಮ್ಮ ಮಾಡಿದ ಅದೇ ಮಿಡಿ, ಮುಕ್ಕಾಲು ಪಾಲು. ದೊಡ್ಡಮ್ಮ ಅದನ್ನು ಹಾಗೆಯೇ ಚೀಲಕ್ಕಿಳಿಸಿದರು. “ಬಸ್ರಿ ಹೆಂಗ್ಸಿಗೆ. ನಂಗ್ ಬಿಪಿ, ಡಾಕ್ಟ್ರ್ ಹೇಂಗೂ ಬ್ಯಾಡ ಅಂದಿರ್.”

ಮನೆಯಲ್ಲಿ ಅಮ್ಮ ಆ ಹಳೆಯ ಭರಣಿಯ ಬಟ್ಟೆ ಬಿಚ್ಚಿ ಮೂಸಿದಳು. ಅವಳ ಮುಖದಲ್ಲಿ ಬಂದದ್ದನ್ನು ನಾನು ಬರೆಯುವುದಿಲ್ಲ. ಆದರೂ ಅಕ್ಕನಿಗೆ ಕೊಡಲಿಲ್ಲ. “ರಕ್ತದ್ ಚೀಟಿ ಬರ್ಲಿ,” ಎಂದಳು. ಅದು ನಾನು ಹೇಳಬೇಕಾಗಿದ್ದ ಮಾತು.

ಬುಧವಾರ ಡಾಕ್ಟರರ ಫೋನು ಬಂತು. ಸೀಸ ಸ್ವಲ್ಪ ಕಂಡಿದೆ, ಚಿಂತೆ ಮಾಡುವಷ್ಟಿಲ್ಲ, ಸರಿಯಾದ ಹೊತ್ತಿಗೆ ನಿಲ್ಲಿಸಿದ್ದೀರಿ ಎಂದರು. ಒಳ್ಳೆಯ ಪಾತ್ರೆಯದ್ದಾದರೆ ದಿನಕ್ಕೊಂದು ಮಿಡಿ ತಿನ್ನಬಹುದಂತೆ. ಅಕ್ಕ ಆ ಒಂದು ಮಿಡಿಯನ್ನು ಅರ್ಧ ಗಂಟೆ ಚೀಪುತ್ತ ಕೂತಳು. “ಹೊಟ್ಟೆಯಂಗ್ ಇಪ್ಪುದಕ್ಕೆ ನಿನ್ನ್ ಮೇಲೆ ಸಿಟ್ಟ್ ಇಳೀತಂಬ್ರ್,” ಎಂದು ಚೀಪಿ ಉಳಿದ ಓಟೆ ಉಗುಳಿದಳು.

ಮಗು ಚೌತಿ ಕಳೆದು ಹುಟ್ಟಿತು. ಹೆಣ್ಣು, ಗಟ್ಟಿ ಗಂಟಲಿನದು. ಹೆಸರಿಡುವ ಹೊತ್ತಿಗೆ ಮಿಡಿ ಮುಗಿದಿತ್ತು. ದೊಡ್ಡಮ್ಮನ ಭರಣಿಯನ್ನು ಹಿಂದಿರುಗಿಸಬೇಕಿತ್ತು. ಅಮ್ಮ ಅದನ್ನು ತೊಳೆದು ಬಿಸಿಲಿಗಿಟ್ಟು, ಪಕ್ಕದಲ್ಲಿ ರವೆ ಉಂಡೆಗಳ ತಟ್ಟೆ ಹಿಡಿದು, ಹಾಕದೆ ನಿಂತಿದ್ದಳು. ನಾನು ಕಾಲೇಜಿಗೆ ಹೊರಟಿದ್ದೆ.

“ಹ್ವಾಯ್, ಇಲ್ಲ್ ಬಾ. ಉಂಡೆ ಹಾಕುಕ್ ಅಡ್ಡಿಲ್ಲೆ ಅಲ್ದಾ ಇದ್ರಂಗೆ?”

“ಅಡ್ಡಿಲ್ಲೆ.”

“ಹಾಂಗಾರೆ ಕೈ ತೊಳ್ಕಂಡ್ ಬಂದ್ ನೀನೇ ತುಂಬ್ಸ್.”

ಕಾಲೇಜಿಗೆ ಹತ್ತು ನಿಮಿಷ ತಡವಾಯಿತು.